ಎಡಗಡೆಯ ಬದಿಕಲ್ಲು

ನನ್ನದು ಮೂಗಿನ ತುದಿಯ ಸಿಟ್ಟು. ಕುಂಬ್ರದ ರಿಕ್ಷಾ ಸ್ಟ್ಯಾಂಡಿನಲ್ಲಿ ಇದು ಎಲ್ಲರಿಗೂ ಗೊತ್ತು. ಐದು ನಿಮಿಷ ಕಾಯಿ ಎಂದು ಹೇಳಿ ಅಂಗಡಿಯೊಳಗೆ ಹೋದ ಗಿರಾಕಿ ಹತ್ತನೇ ನಿಮಿಷಕ್ಕೆ ಹೊರಗೆ ಬಂದರೆ ನನ್ನ ರಿಕ್ಷಾ ಅಲ್ಲಿ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಬರೆಯಲು ಕೂತಿರುವುದು ಕಾಯಲು ಗೊತ್ತಿಲ್ಲದವನೊಬ್ಬ ಮಾಡಿದ ಕೆಲಸದ ಬಗ್ಗೆ.

ರಿಕ್ಷಾ ಹಿಡಿಯುವ ಮೊದಲು ಹನ್ನೆರಡು ವರ್ಷ ನಾನು ಮಾವನ ಹಿಂದೆ ಮಣ್ಣು ಎಳೆದವನು. ಮಾವ ಎಂದರೆ ಅಮ್ಮನ ತಮ್ಮ. ಮದುವೆ ಆದವರಲ್ಲ, ನಮ್ಮ ಮನೆಯಲ್ಲೇ ಇರುವವರು. ಅವರ ಕಸುಬು ಸುರಂಗ ತೋಡುವುದು. ಕೆಳಗೆ ಬಾವಿ ತೋಡಿದ ಹಾಗಲ್ಲ ಇದು. ಗುಡ್ಡದ ಮಗ್ಗುಲಲ್ಲಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರಕ್ಕೆ, ಅಡ್ಡಕ್ಕೆ ತೋಡುತ್ತಾ ಒಳಗೆ ಹೋಗುವುದು. ನೀರಿನ ಜಾಡು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಳಗೆ ಮಾವ ಪಿಕ್ಕಾಸಿನಲ್ಲಿ ಅಗೆಯುತ್ತಿದ್ದರು, ನಾನು ಬುಟ್ಟಿಗೆ ತುಂಬಿ ಹೊರಗೆ ಎಳೆಯುತ್ತಿದ್ದೆ. ಹೊಗಳಿಕೊಳ್ಳುವಂಥ ಕೆಲಸವೇನಲ್ಲ. ಮೊಣಕಾಲಿನ ಚರ್ಮ ಹೋದದ್ದು ಇವತ್ತಿಗೂ ಸರಿಯಾಗಿಲ್ಲ.

ನಮ್ಮ ಮನೆಯ ಹಿಂದಿನ ಸುರಂಗ ಮಾವ ಒಬ್ಬರೇ ತೋಡಿದ ಮೊದಲನೆಯದು. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗಿನ ಮಾತು. ಮೊದಲು ಕೆಂಪು ಮುರಕಲ್ಲು, ಆಮೇಲೆ ಮೆತ್ತನೆಯ ಶೇಡಿಮಣ್ಣು, ನಲವತ್ತು ಕೋಲು, ಎಂದರೆ ಸುಮಾರು ನೂರು ಅಡಿ, ಒಳಗೆ ಹೋದ ಮೇಲೆ ಗಟ್ಟಿ ಬಂಡೆಯ ಪಾದೆ ಅಡ್ಡ ಬಂತಂತೆ. ಪಾದೆ ಸಿಕ್ಕಿದರೆ ಹೆಚ್ಚಿನವರು ಅಲ್ಲಿಗೇ ಕೈಬಿಟ್ಟು ಬರುತ್ತಾರೆ. ಮಾವ ಬಿಡಲಿಲ್ಲ. ಆ ಕರಿಪಾದೆಯ ನಡುವೆ ಬೆಣಚುಕಲ್ಲಿನ ಒಂದು ಬಿಳಿಗೆರೆ ಇತ್ತು, ಒಂದು ಗೇಣು ಅಗಲದ್ದು. ತುಂಬ ಬಿರುಕು ಬಿಟ್ಟ ಕಲ್ಲು. ಆ ಬಿರುಕುಗಳಲ್ಲಿ ನೀರು ಜಿನುಗುತ್ತಿತ್ತು. ಮಾವ ಆ ಗೆರೆಯನ್ನೇ ಹಿಡಿದು ಉಳಿ, ಸುತ್ತಿಗೆಯಲ್ಲಿ ಮತ್ತೆ ಆರು ಕೋಲು ಹೋದರು. ಬೆರಳು ಗಾತ್ರದ ನೀರು ಸಿಕ್ಕಿತು. ಆ ಬೆರಳು ಗಾತ್ರದ ನೀರಿನಲ್ಲಿ ನಾನು ದೊಡ್ಡವನಾದೆ, ನನ್ನ ಮದುವೆಯ ಊಟ ಬೆಂದಿತು, ಅಮ್ಮನ ಕೊನೆಯ ಸ್ನಾನವೂ ಅದರಲ್ಲೇ ಆಯಿತು.

ಗೆರೆಯ ಎರಡೂ ಮಗ್ಗುಲಲ್ಲಿ ಇರುವ ಕಪ್ಪು ಕಲ್ಲಿಗೆ ಮಾವ ಬದಿಕಲ್ಲು ಎನ್ನುತ್ತಾರೆ. ಗೆರೆಯ ಹತ್ತಿರ ಬಂದ ಹಾಗೆ ಅದು ಸ್ವಲ್ಪ ಮೆದು, ಅದರಲ್ಲಿ ಕಾಗೆಬಂಗಾರದ ಚೂರುಗಳು ಮಿಣಮಿಣ ಹೊಳೆಯುತ್ತವೆ. ಇಂಥ ಗೆರೆ ಇರುವ ಯಾವ ಸುರಂಗದಲ್ಲೂ ಬಂದವರ ಕಣ್ಣೆಲ್ಲ ಬಿಳಿಗೆರೆಯ ಮೇಲೆ. ಮಾವ ಅದನ್ನು ನೋಡುವುದೇ ಕಡಿಮೆ. ಪಿಕ್ಕಾಸಿನ ಹಿಂಬದಿಯಿಂದ ಬದಿಕಲ್ಲಿಗೆ ಎರಡೆರಡು ಸಲ ಬಡಿದು, ಕಿವಿ ಕೊಟ್ಟು ಕೂತುಬಿಡುತ್ತಿದ್ದರು. ನನಗೋ ಅಷ್ಟು ಹೊತ್ತಿಗೆ ಬೆನ್ನು ಬಿದ್ದುಹೋಗಿರುತ್ತಿತ್ತು. ಬೇಗ ಮಾಡಿ ಮಾವ ಎಂದರೆ ಅವರದು ಒಂದೇ ಉತ್ತರ. ನೀರು ಗೆರೆಯಲ್ಲಿ ಬರುವುದು ಹೌದು, ಆದರೆ ಅದು ಆಚೀಚೆ ಹೋಗದ ಹಾಗೆ ಹಿಡಿದುಕೊಂಡಿರುವುದು ಬದಿಕಲ್ಲು, ಅದರತ್ರ ಕೇಳದೆ ಏನೂ ಮಾಡಬಾರದು.

ಒಮ್ಮೆ ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಕಲಿಸುವ ಮೇಡಂ ಒಬ್ಬರನ್ನು ಪುತ್ತೂರಿನಿಂದ ನನ್ನ ರಿಕ್ಷಾದಲ್ಲಿ ಕರೆತಂದಿದ್ದೆ. ಮಾತಿಗೆ ಮಾತು ಬಂದು ಸುರಂಗದ ವಿಷಯ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಚಿನ್ನದ ಗಣಿಯಲ್ಲೂ ಹೀಗೇ ಅಂತೆ. ಇಂಥ ಬಿಳಿಗೆರೆಯಲ್ಲೇ ಚಿನ್ನ ಇರುವುದು, ಸುತ್ತಲಿನ ಕಲ್ಲಿಗೆ ಪುಸ್ತಕದಲ್ಲೂ ಗೋಡೆ ಎಂದೇ ಹೆಸರು. ಅದನ್ನು ಏನು ಮಾಡುತ್ತಾರೆ ಎಂದು ಕೇಳಿದರೆ, ಹೊರಗೆ ತಂದು ಗುಡ್ಡೆ ಹಾಕುತ್ತಾರೆ, ಅದರಲ್ಲಿ ಏನೂ ಇಲ್ಲವಲ್ಲ ಎಂದರು. ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. ಇದ್ದ ಬದಿಕಲ್ಲನ್ನೆಲ್ಲ ಹೊರಗೆ ಹಾಕಿದರೆ ಒಳಗಿದ್ದವರ ತಲೆಯ ಮೇಲೆ ಎಂತ ನಿಲ್ಲುದು ಎಂದು ಆ ಮೇಡಂ ಹತ್ರ ಕೇಳು ಎಂದರು. ಮುಂದಿನ ಸಲ ಕೇಳಿದೆ ಕೂಡ. ಅವರು ನಗಾಡಿ, ತಮ್ಮ ಫೋನ್ ನಂಬರು ಬರೆದುಕೊಟ್ಟರು.

ಇನ್ನೊಂದು ಪದ್ಧತಿಯ ಬಗ್ಗೆಯೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸುರಂಗದ ತುದಿಯಲ್ಲಿ ಅಗೆಯುವವನಿಗೆ ನೀರು ಒಡೆದದ್ದು ಕಾಣುತ್ತದೆ, ಆದರೆ ಅದು ಸುರಂಗದ ಬಾಯಿಯ ತನಕ ಮುಟ್ಟಿತೋ, ದಾರಿಯಲ್ಲೇ ನೆಲ ಕುಡಿಯಿತೋ ಕಾಣುವುದಿಲ್ಲ. ಅದಕ್ಕೆ ಮಾವನ ಗುಂಪಿನಲ್ಲಿ ಒಂದು ಕ್ರಮ ಇತ್ತು. ಹೊರಗೆ ಇರುವವರು, ನೀರು ಬಾಯಿ ದಾಟಿದ ಕೂಡಲೇ ಕಂಚಿನ ಹರಿವಾಣ ಬಡಿಯುವುದು. ಆ ಸದ್ದು ಕೇಳಿದರೆ ಒಳಗಿನವನಿಗೆ ಜೀವ ಬಂದ ಹಾಗೆ. ಮಾವ ಒಳಗಿನಿಂದ ಒಂದು ಕೂಗು ಹಾಕುತ್ತಿದ್ದರು, ಗುಡ್ಡ ನಡುಗುವಂಥ ಕೂಗು. ಅಂಥ ಸ್ವರ ಅವರದು.

ಆ ಸ್ವರ ಹೋಗಿ ಈಗ ನಾಲ್ಕು ವರ್ಷ. ಊರಲ್ಲಿ ಬೋರ್‌ವೆಲ್ ಬಂದು ಸುರಂಗದ ಕೆಲಸ ನಿಂತ ಮೇಲೆ ಮಾವ ಬಾವಿಗಳ ಅಡಿಯ ಪಾದೆ ಒಡೆಯಲು, ಜಲ್ಲಿ ಕೋರೆಗೆ ಕುಳಿ ಕೊರೆಯಲು ಎಂದು ಹೋದರು. ಮೂಗಿಗೆ ಹೆಗಲ ಮೇಲಿನ ಬೈರಾಸು ಕಟ್ಟಿಕೊಂಡರೆ ಆಯಿತು ಎಂದುಕೊಂಡಿದ್ದರು. ಪುತ್ತೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಲ್ಲಿನ ಧೂಳು ಒಳಗೆ ಕೂತುಬಿಟ್ಟಿದೆ, ತೆಗೆಯುವ ದಾರಿ ಇಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ದಾರಿ ಇಲ್ಲದಿದ್ದರೆ ನೀವು ಇರುವುದು ಎಂತಕ್ಕೆ ಎಂದು ಕೇಳಿಯೇಬಿಟ್ಟೆ. ಡಾಕ್ಟರು ಒಳ್ಳೆಯವರು, ಬೇಸರ ಮಾಡಲಿಲ್ಲ. ಬಿಸಿನೀರು ಆಗಾಗ ಕುಡಿಸಿ, ಜೋರಾಗಿ ಮಾತಾಡಿಸಬೇಡಿ ಎಂದರು. ಜೋರಾಗಿ ಮಾತಾಡುವುದು ಹೋಗಲಿ, ಮೂರು ಶಬ್ದ ಒಟ್ಟಿಗೆ ಹೇಳಲು ಮಾವನಿಗೆ ಆಗುತ್ತಿರಲಿಲ್ಲ.

ಮಾವನ ಕೋಣೆಯ ಕಿಟಕಿಯ ಆಚೆಗೇ ಸುರಂಗದ ನೀರು ಪೈಪಿನಲ್ಲಿ ಬಂದು ಬೀಳುವ ತೊಟ್ಟಿ. ಇಪ್ಪತ್ತನಾಲ್ಕು ಗಂಟೆಯೂ ಆ ಸದ್ದು. ಮಾವ ಅದನ್ನು ಕೇಳುತ್ತಾ ಮಲಗುತ್ತಿದ್ದರು. ಕುಡಿಯುವುದೂ ಅದೇ ನೀರು. ಬೇಲಿಯಾಚೆಯ ಹಾಜಿಗಳು ದುಬೈಯಿಂದ ಬಂದವರೇ ಬೋರ್ ಕೊರೆಸಿದ್ದರು. ಒಮ್ಮೆ ನಮ್ಮ ಪೈಪು ಒಡೆದಾಗ ಅವರಲ್ಲಿಂದ ತಂದ ನೀರನ್ನು ಮಾವ ಒಂದು ಗುಟುಕು ಕುಡಿದು ಲೋಟ ಬದಿಗಿಟ್ಟರು. ತುಕ್ಕಿನ ವಾಸನೆ ಎಂದರು. ಬೇರೇನೂ ಉಳಿಯದ ಮನುಷ್ಯನಿಗೆ ಆ ನೀರು ಉಳಿದಿತ್ತು, ಅಷ್ಟೇ.

ಮೊನ್ನೆಯ ಬೇಸಿಗೆಯಲ್ಲಿ ಅದು ನೂಲಿನಷ್ಟಾಯಿತು. ಕೊಡ ಇಟ್ಟು ಹೋದರೆ ಅದು ತುಂಬುವಷ್ಟರಲ್ಲಿ ನನ್ನ ಹೆಂಡತಿಯ ಅಡಿಗೆಯೆಲ್ಲ ಮುಗಿದಿರುತ್ತಿತ್ತು. ತೊಟ್ಟಿಯ ಸದ್ದು ಸಪುರ ಆದ ಹಾಗೆ ಮಾವನ ನಿದ್ದೆ ಹೋಯಿತು. ಒಳಗೆ ಮಣ್ಣು ಕುಸಿದು ಗೆರೆ ಮುಚ್ಚಿರಬೇಕು, ಬಿಡಿಸಿದರೆ ಬರುತ್ತದೆ ಎಂದು ಅವರೇ ಹೇಳಿದರು. ಬಿಡಿಸುವವರು ಯಾರು? ಆ ಕಸುಬಿನವರು ಈಗ ಊರಲ್ಲಿ ಒಬ್ಬರೂ ಇಲ್ಲ. ಇಪ್ಪತ್ತು ವರ್ಷ ರಿಕ್ಷಾದ ಸೀಟಿನಲ್ಲಿ ಕೂತು ಹೊಟ್ಟೆ ಬೆಳೆಸಿದ ನಾನೇ ಹೋಗಬೇಕಾಯಿತು.

ಹೋಗುವ ಬೆಳಿಗ್ಗೆ ಮಾವ ತಾನೂ ಬರುತ್ತೇನೆ ಎಂದು ಹಟ ಹಿಡಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಹೆಂಡತಿಯೂ ಎತ್ತಿಕೊಂಡು ಹೋಗಿ ಸುರಂಗದ ಬಾಯಿಯ ಪಕ್ಕ ಇಟ್ಟೆವು. ಕೈಯಲ್ಲಿ ಬಿಸಿನೀರಿನ ಸ್ಟೀಲ್ ಲೋಟ. ಪಕ್ಕದಲ್ಲಿ ಒರಗಿಸಿಟ್ಟ ಹಾರೆಕೋಲು. ಹರಿವಾಣ ತರುವುದು ಯಾರಿಗೂ ನೆನಪಾಗಲಿಲ್ಲ, ಹೊಸ ಸುರಂಗ ತೋಡುವುದೇನೂ ಅಲ್ಲವಲ್ಲ. ನಾನು ಹೆಡ್‌ಲೈಟು ಕಟ್ಟಿಕೊಂಡು ಬಗ್ಗುವಾಗ ಮಾವ ನನ್ನ ಅಂಗಿ ಹಿಡಿದರು. ಒಂದೊಂದೇ ಶಬ್ದ ಎಣಿಸಿ ಇಟ್ಟ ಹಾಗೆ ಹೇಳಿದರು:

"ಮಣ್ಣು ತೆಗಿ. ಬಿಳಿ ಒಡೆದದ್ದು ಉಂಟಲ್ಲ, ಅದನ್ನು ತೆಗಿ. ಎಡಗಡೆ ಮುಟ್ಟಬೇಡ."

ಯಾಕೆ ಎಂದು ಕೇಳಿದೆ.

"ಅದು ಬೆವರುದು ಮಾರಾಯ. ನೀರು ಕೊಡುದಲ್ಲ."

ಸರಿ ಎಂದು ಒಳಗೆ ಹೋದೆ. ಎರಡು ಗಂಟೆ ಮಣ್ಣು ಎಳೆದೆ. ಈ ಸಲ ಒಳಗೆ ಅಗೆಯುವವನೂ ನಾನೇ, ಹೊರಗೆ ಎಳೆಯುವವನೂ ನಾನೇ. ಹೆಂಡತಿ ಬುಟ್ಟಿ ಖಾಲಿ ಮಾಡುತ್ತಿದ್ದಳು. ಆಮೇಲೆ ಮಾವನಿಗೆ ಗಂಜಿ ತರುತ್ತೇನೆಂದು ಮನೆಗೆ ಹೋದಳು. ನಾನು ತುದಿಯಲ್ಲಿ ಕೂತು ಗೆರೆಯ ಒಡೆದ ಚೂರುಗಳನ್ನು ಬಿಡಿಸಿದೆ. ನೀರು ಸ್ವಲ್ಪ ಜಾಸ್ತಿಯಾಯಿತು. ನೂಲಿನಷ್ಟು ಇದ್ದದ್ದು ಎರಡು ನೂಲಿನಷ್ಟಾಯಿತು. ಥೂ, ಇಷ್ಟಕ್ಕಾ ಈ ಸೊಂಟ ಮುರಿದುಕೊಂಡದ್ದು ಎನಿಸಿತು.

ಆಗ ಲೈಟಿನ ಬೆಳಕು ಎಡಗಡೆಯ ಬದಿಕಲ್ಲಿನ ಮೇಲೆ ಬಿತ್ತು. ಇಡೀ ಕಲ್ಲು ಒದ್ದೆ. ಕಾಗೆಬಂಗಾರದ ಮೇಲೆಲ್ಲ ಹನಿಗಳು ನಿಂತು ಹೊಳೆಯುತ್ತಿದ್ದವು. ಕೈ ಇಟ್ಟರೆ ತಂಪು. ಪಿಕ್ಕಾಸಿನ ಹಿಂಬದಿಯಿಂದ ಬಡಿದೆ, ದಬ್ ಎಂದಿತು. ಹಿಂದೆ ಟೊಳ್ಳು ಇದೆ ಎಂದು ಮಾವನ ಹಿಂದೆ ಹನ್ನೆರಡು ವರ್ಷ ಮಣ್ಣು ಎಳೆದವನಿಗೆ ತಿಳಿಯದೇ? ಟೊಳ್ಳಿನಲ್ಲಿ ನೀರು ತುಂಬಿದೆ ಎಂದು ನಾನೇ ಸೇರಿಸಿಕೊಂಡೆ. ಮಾವ ಹೇಳಿದ್ದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಆದರೆ ಅವರು ಅದನ್ನು ನೋಡಿ ಎಷ್ಟೋ ಕಾಲವಾಯಿತು, ಈಗ ಕಾಯಿಲೆಯ ಮನುಷ್ಯ, ಒಂದು ಕಲ್ಲು ತೆಗೆದರೆ ಏನಾಗುತ್ತದೆ ಎಂದುಕೊಂಡೆ. ತೊಟ್ಟಿ ತುಂಬಿ ಹರಿಯುವುದನ್ನು ಮಾವನಿಗೆ ತೋರಿಸಬೇಕು ಎಂಬ ಆಸೆಯೂ ಇತ್ತು. ಆಸೆ ಎನ್ನುವುದಕ್ಕಿಂತ ಜಂಬ ಎಂದರೆ ಸರಿ.

ಬೀಸಿದೆ. ಮೂರು ನಾಲ್ಕು ಏಟು ಬಿದ್ದಿರಬಹುದು. ಅಷ್ಟರಲ್ಲಿ ಹೊರಗಿನಿಂದ ಸದ್ದು ಬಂತು. ಟಣ್, ಟಣ್, ಟಣ್. ಸ್ಟೀಲ್ ಲೋಟವನ್ನು ಹಾರೆಕೋಲಿಗೆ ಬಡಿಯುವ ಸದ್ದು. ಸುರಂಗದೊಳಗೆ ಅಂಥ ಸದ್ದು ಕಿವಿಯ ಹತ್ತಿರವೇ ಬಡಿದ ಹಾಗೆ ಕೇಳುತ್ತದೆ. ನನಗೆ ಮೈಯೆಲ್ಲ ಜುಮ್ಮೆಂದಿತು. ನಾನು ಆಗಲೇ ಬಿಡಿಸಿದ ನೀರು ಬಾಯಿ ದಾಟಿತು, ಹರಿವಾಣ ಇಲ್ಲವೆಂದು ಮಾವ ಲೋಟ ಬಡಿಯುತ್ತಿದ್ದಾರೆ. ಇನ್ನೂ ಇದೆ ಮಾವ, ಇನ್ನೂ ಬರುತ್ತದೆ ನೋಡಿ ಎಂದು ನಾನು ಒಳಗಿನಿಂದ ಕೂಗಿದೆ. ಅವರ ಹಾಗೆಯೇ ಕೂಗಿದೆ. ಲೋಟದ ಸದ್ದು ಇನ್ನೂ ಜೋರಾಯಿತು. ಅದು ಜೋರಾದಷ್ಟೂ ನಾನು ಜೋರಾಗಿ ಬೀಸಿದೆ. ಕಲ್ಲು ಸಡಿಲವಾಗಿ ನನ್ನ ಕಾಲ ಬುಡಕ್ಕೆ ಬಿತ್ತು. ಅದರ ಹಿಂದಿನಿಂದ ನೀರು ನುಗ್ಗಿ ಹಿಮ್ಮಡಿ ಮುಳುಗಿತು.

ಹೊರಗೆ ಬಂದಾಗ ಮಾವ ಕುರ್ಚಿಯಿಂದ ಅರ್ಧ ಜಾರಿದ್ದರು. ಮುಖವೆಲ್ಲ ನೀಲಿ. ಕಣ್ಣಲ್ಲಿ ನೀರು. ಲೋಟದ ನೀರು ಚೆಲ್ಲಿ ಪಂಚೆ ಒದ್ದೆ, ಲೋಟದ ಅಂಚು ನುಗ್ಗಾಗಿ ಹೋಗಿತ್ತು. ಹೆಂಡತಿ ಗಂಜಿಯ ಪಾತ್ರೆ ಅಲ್ಲೇ ಇಟ್ಟು ಓಡಿ ಬಂದಳು. ಡಾಕ್ಟರು ಕೊಟ್ಟ ಉಸಿರಿನ ಪಂಪು ಬಾಯಿಗಿಟ್ಟು ಎರಡು ಸಲ ಎಳೆಸಿದ ಮೇಲೆ ಉಸಿರು ಒಂದು ಹದಕ್ಕೆ ಬಂತು. ಖುಷಿಯಲ್ಲಿ ಇಷ್ಟೆಲ್ಲ ಎದ್ದು ಬೀಳುವುದು ಎಂತಕ್ಕೆ ಮಾವ, ನಿಮಗೆ ಈ ವಯಸ್ಸಿನಲ್ಲಿ ಎಂದು ನಾನು ಗದರಿಸಿದೆ. ನಗುತ್ತಲೇ ಗದರಿಸಿದೆ. ಮಾವ ನನ್ನ ಕಾಲಿನ ಕೆಸರನ್ನು ನೋಡಿದರು. ಅದರಲ್ಲಿ ಕಾಗೆಬಂಗಾರದ ಚೂರು ಅಂಟಿತ್ತು.

ಅವತ್ತು ತೊಟ್ಟಿ ತುಂಬಿ ಹರಿಯಿತು. ಹಾಜಿಗಳು ಬಂದು ನೋಡಿ, ನೀನು ರಿಕ್ಷಾ ಬಿಟ್ಟು ಇದನ್ನೇ ಮಾಡು ಮಾರಾಯ ಎಂದರು. ಹೆಂಡತಿ ಹೆಸರುಬೇಳೆ ಪಾಯಸ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡೆ. ಮಾವ ತಮ್ಮ ಪಾಯಸವನ್ನು ಮುಟ್ಟಲಿಲ್ಲ, ಸುಸ್ತಾಗಿದೆ ಎಂದುಕೊಂಡೆವು.

ಬೆಳಿಗ್ಗೆ ಎದ್ದು ಅವರ ಕೋಣೆಗೆ ಹೋದರೆ ಗೋಡೆಗೆ ಒರಗಿ ಕೂತಿದ್ದರು. ಕಿಟಕಿಯ ಕಡೆ ಗಲ್ಲದಿಂದಲೇ ತೋರಿಸಿದರು. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ, ಆಮೇಲೆ ಗೊತ್ತಾಯಿತು. ತೊಟ್ಟಿಯ ಸದ್ದು ಇರಲಿಲ್ಲ. ಪೈಪಿನ ಬಾಯಿ ಒಣಗಿತ್ತು.

ಓಡಿದೆ. ಸುರಂಗದ ತುದಿಯಲ್ಲಿ ಬಿಳಿಗೆರೆಯಿಂದ ನೀರು ಈಗಲೂ ಬರುತ್ತಿತ್ತು. ಬಂದು, ನಾನು ಕಲ್ಲು ಕಿತ್ತ ಜಾಗದಲ್ಲಿ ಎಡಕ್ಕೆ ತಿರುಗಿ, ಹಿಂದಿನ ಟೊಳ್ಳಿಗೆ ಇಳಿದು ಹೋಗುತ್ತಿತ್ತು. ಕಿವಿ ಇಟ್ಟರೆ ಎಲ್ಲೋ ಬಹಳ ಕೆಳಗೆ ಗುಳುಗುಳು ಕೇಳುತ್ತದೆ. ಮೊದಲ ದಿನ ನುಗ್ಗಿದ್ದು ಆ ಟೊಳ್ಳಿನ ಬಾಯಲ್ಲಿ ಎಷ್ಟೋ ಕಾಲದಿಂದ ನಿಂತಿದ್ದ ನೀರು. ಅದು ಮುಗಿಯಿತು, ಮಧ್ಯೆ ಕಟ್ಟಿಕೊಂಡಿದ್ದ ಕೆಸರು ಕರಗಿತು, ನೀರಿಗೆ ಕೆಳಗಿನ ದಾರಿ ತೆರೆಯಿತು. ನಾನು ಬಿದ್ದ ಕಲ್ಲನ್ನು ಎತ್ತಿ ಅದೇ ಜಾಗಕ್ಕೆ ಇಟ್ಟೆ. ಕೂರಲಿಲ್ಲ. ಶೇಡಿಮಣ್ಣು ಮೆತ್ತಿದೆ. ಗೋಣಿ ತುರುಕಿದೆ. ಸಿಮೆಂಟು ಕಲಸಿ ಒತ್ತಿದೆ. ಒತ್ತಿದ್ದೆಲ್ಲ ಬೆಳಿಗ್ಗೆಗೆ ಒಳಗೆ ಹೋಗಿರುತ್ತಿತ್ತು. ಎಂಟು ದಿನ ಇದೇ ಆಯಿತು. ಒಂಬತ್ತನೆಯ ದಿನ ಆ ಕಲ್ಲಿನ ಎದುರು ಕೂತು ನಾನು ಅತ್ತುಬಿಟ್ಟೆ. ಹೊರಗೆ ಅತ್ತರೆ ಮಾವನಿಗೆ ಕೇಳುತ್ತದೆಂದು ಒಳಗೇ ಅತ್ತೆ.

ಮೇಡಂಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಕೊಂಡರು. ಆಮೇಲೆ ನಿಧಾನವಾಗಿ, ಒಳಗಿನ ನೀರಿಗೆ ಆ ಗೋಡೆಯೇ ಕಟ್ಟೆಯಾಗಿತ್ತು, ಇನ್ನು ಹೊರಗಿನಿಂದ ಮಾಡುವಂಥದ್ದು ಏನೂ ಇಲ್ಲ, ಮಳೆಗಾಲದಲ್ಲಿ ನೋಡಿ ಎಂದರು. ಮಳೆಗಾಲ ಬಂತು. ಉಪ್ಪಿನಂಗಡಿಯಲ್ಲಿ ಹೊಳೆ ರಸ್ತೆಗೆ ಬಂದು ಎರಡು ದಿನ ನಮ್ಮ ಬಾಡಿಗೆ ನಿಂತಿತು. ಲೋಕಕ್ಕೆಲ್ಲ ನೀರು. ನಮ್ಮ ಪೈಪಿನಿಂದ ಒಂದು ಹನಿ ಇಲ್ಲ.

ಹಾಜಿಗಳ ಬೋರಿನ ನೀರು ಮನೆಗೆ ಬರತೊಡಗಿತು. ಅವರೇ ಪೈಪು ಎಳೆಸಿಕೊಟ್ಟರು, ನಾನು ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಹೆಂಡತಿ ಅದನ್ನು ಕಾಯಿಸಿ, ಜೀರಿಗೆ ಹಾಕಿ, ಅಂಚು ನುಗ್ಗಾದ ಅದೇ ಲೋಟದಲ್ಲಿ ಕೊಡುತ್ತಿದ್ದಳು. ಬೇರೆ ಲೋಟದಲ್ಲಿ ಕೊಟ್ಟರೆ ಮಾವ ತೆಗೆದುಕೊಳ್ಳುತ್ತಿರಲಿಲ್ಲ. ತುಕ್ಕಿನ ವಾಸನೆ ಎಂದು ಒಮ್ಮೆಯೂ ಹೇಳಲಿಲ್ಲ. ಎರಡೂ ಕೈಯಿಂದ ತಾವೇ ಹಿಡಿದು ಪೂರ್ತಿ ಕುಡಿಯುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ನನ್ನಂಥವನಿಗೆ ಬೈಗುಳ ಅರ್ಥವಾಗುತ್ತದೆ, ಈ ಸುಮ್ಮನಿರುವುದು ಅರ್ಥವಾಗುವುದಿಲ್ಲ.

ಆಟಿ ತಿಂಗಳ ಒಂದು ಮಧ್ಯಾಹ್ನ. ಮಳೆ ಹೊಯ್ಯುತ್ತಿತ್ತು, ಬಾಡಿಗೆ ಇರಲಿಲ್ಲ, ಅವರ ಮಂಚದ ಪಕ್ಕ ಕೂತಿದ್ದೆ. ಮಾವ ಲೋಟವನ್ನು ಎದೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ನಡುನಡುವೆ ಉಸಿರು ತೆಗೆದುಕೊಂಡು ಮಾತಾಡಿದರು.

"ಅವತ್ತು ಕಲ್ಲಿನ ಸದ್ದು ಬದಲಾಯಿತು. ನೀನು ಎಡಗಡೆ ಹೊಡೆಯುದು ಗೊತ್ತಾಯಿತು. ಕೂಗಲಿಕ್ಕೆ ನೋಡಿದೆ. ಬರಲಿಲ್ಲ."

ನಾನು ಅವರ ಎದೆಯ ಮೇಲಿನ ಲೋಟವನ್ನು ನೋಡಿದೆ.

"ನಿಲ್ಲಿಸು ಎಂದು ಲೋಟ ಬಡಿದೆ," ಎಂದರು. "ಇದ್ದ ಶಕ್ತಿಯೆಲ್ಲ ಹಾಕಿ ಬಡಿದೆ. ನಿನಗೆ ಕೇಳಲಿಲ್ಲವಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ದಿನದಿಂದ ಈ ಪ್ರಶ್ನೆಯನ್ನು ಇಟ್ಟುಕೊಂಡಿದ್ದರೋ. ಅವತ್ತಿನ ನನ್ನ ಕೂಗು ಅವರಿಗೆ ಬರೀ ನೀರು ಕಂಡವನ ಕೂಗಾಗಿ ಕೇಳಿರಬೇಕು. ಕೇಳಿತು ಮಾವ, ಒಂದೊಂದು ಏಟೂ ಕೇಳಿತು, ನೀರು ಮುಟ್ಟಿತು ಎಂದು ನೀವು ಬಡಿಯುತ್ತಿದ್ದೀರಿ ಎಂದುಕೊಂಡೆ, ಅದಕ್ಕೇ ಇನ್ನಷ್ಟು ಹೊಡೆದೆ ಎಂದು ಹೇಗೆ ಹೇಳಲಿ? ಅವರು ಕಲಿಸಿದ ಪದ್ಧತಿ. ಅವರು ಬಡಿದದ್ದರಿಂದಲೇ ಆ ಕಲ್ಲು ಬಿತ್ತು ಎಂದು ಅವರ ಮುಖದ ಎದುರು ಹೇಗೆ ಆಡಲಿ? ಎಂದೂ ಯೋಚಿಸಿ ಮಾತಾಡದವನು ಆ ಒಂದು ಸಲ ಯೋಚಿಸಿದೆ. ಅದೂ ಅರ್ಧವೇ ಯೋಚಿಸಿದೆ.

"ಇಲ್ಲ ಮಾವ," ಎಂದೆ. "ಒಳಗೆ ಏನೂ ಕೇಳಲಿಲ್ಲ."

ಮಾವ ತಲೆಯಾಡಿಸಿದರು. ಆಮೇಲೆ ತಮ್ಮ ಬಲಗೈಯನ್ನು ಸ್ವಲ್ಪ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಮೂವತ್ತು ನಲವತ್ತು ವರ್ಷ ಗುಡ್ಡ ಕೊರೆದ ಕೈ.

"ಹಾಗಾದರೆ ಕೈಯಲ್ಲೂ ಶಕ್ತಿ ಇಲ್ಲ," ಎಂದರು.

ನಾನು ಬಾಯಿ ತೆರೆದೆ. ಹಾಗಲ್ಲ ಮಾವ ಎನ್ನಬೇಕಿತ್ತು. ಹಾಗಲ್ಲ ಎಂದರೆ ಮತ್ತೆ ಹೇಗೆ ಎಂದು ಅವರು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಕೂತೆ. ಮಳೆಯ ನೀರು ತೊಟ್ಟಿಗೆ ಬೀಳುತ್ತಿತ್ತು. ಮಾವ ಆ ಕಡೆ ಮುಖ ತಿರುಗಿಸಿ ಮಲಗಿದರು.

ಸಂಜೆ ಹೆಂಡತಿ ನೀರು ತಂದು ಚಾಚಿದಳು. ಮಾವ ಕೈ ಎತ್ತಲಿಲ್ಲ. ಲೋಟ ಬಾಯಿಯ ಹತ್ತಿರ ಬರುವ ತನಕ ಕಾದರು. ಆ ದಿನದಿಂದ ಅವರು ಲೋಟ ಹಿಡಿಯುವುದಿಲ್ಲ. ನಾವೇ ಕುಡಿಸುತ್ತೇವೆ.